ಎ380 ಲೇಖನ: 853 ಸರಿಯೋ, ನಾನು ಎಣಿಸಿದ್ದು ಸರಿಯೋ?

ಪ್ರಶ್ನೆ:

“ಸರ್, ನಾನು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸ ಮಾಡುತ್ತೇನೆ. ದುಬೈನಿಂದ ಬರುವ ಏರ್‌ಬಸ್ ಎ380 ವಿಮಾನದ ಕೆಳಗೇ ನನ್ನ ಡ್ಯೂಟಿ. ಹೋದ ತಿಂಗಳು ಇಂಗ್ಲಿಷ್ ವಿಕಿಪೀಡಿಯದಲ್ಲಿ ಆ ವಿಮಾನದ ಲೇಖನ ಓದಿದೆ. 853 ಪ್ರಯಾಣಿಕರು ಅಂತ ಇತ್ತು. ನಮ್ಮಲ್ಲಿಗೆ ಬರುವ ವಿಮಾನದಲ್ಲಿ ಅಷ್ಟು ಸೀಟೇ ಇಲ್ಲ, ಐನೂರರ ಆಸುಪಾಸು ಅಷ್ಟೆ. ತಿದ್ದಿದೆ. ತೂಕ 575 ಟನ್ ಅಂತ ಇತ್ತು. ವಿಮಾನದ ಭಾರದ ಲೆಕ್ಕ ಬರೆಯುವ ಲೋಡ್ ಶೀಟ್‌ನಲ್ಲಿ ನಾನು ನೋಡಿದ್ದು ಅದಕ್ಕಿಂತ ತುಂಬಾ ಕಡಿಮೆ. ಅದನ್ನೂ ತಿದ್ದಿದೆ. ಜೊತೆಗೆ ‘ಜಗತ್ತಿನ ಅತಿ ದೊಡ್ಡ ವಿಮಾನ’ ಎಂದು ಒಂದು ಸಾಲು ಸೇರಿಸಿದೆ. ಅರ್ಧ ಗಂಟೆಯಲ್ಲಿ ಮೂರೂ ಮಾಯ. ಮತ್ತೆ ಹಾಕಿದೆ, ಮತ್ತೆ ತೆಗೆದರು. ಮೂರನೇ ಸಲ ಹಾಕಿದ ಮೇಲೆ ನನ್ನ ಹೆಸರಿನ ಪುಟದಲ್ಲಿ ಎಚ್ಚರಿಕೆ ಬಂತು. ಅಲ್ಲಿ ಕೆಲವು ವಿದೇಶಿಯರದ್ದೇ ಕೂಟ ಇದೆ, ನಮ್ಮವರನ್ನು ಸೇರಿಸುವುದಿಲ್ಲ ಅಂತ ಗೆಳೆಯರು ಹೇಳುತ್ತಾರೆ. ದಿನಾ ಕಣ್ಣಾರೆ ನೋಡುವವನ ಮಾತಿಗೆ ಬೆಲೆ ಇಲ್ವಾ? ನನ್ನ ಖಾತೆ ಬ್ಲಾಕ್ ಆಗುತ್ತಾ? ಇದೆಲ್ಲ ಬಿಟ್ಟು, ಕಂಪನಿಯ ವೆಬ್‌ಸೈಟಿನಲ್ಲಿ ಇರುವುದನ್ನು ಅನುವಾದ ಮಾಡಿ ಕನ್ನಡದ ಲೇಖನಕ್ಕೆ ಹಾಕಿಬಿಡಲೇ?”

ಉತ್ತರ:

ಮೊದಲು ತುರ್ತಿನ ವಿಷಯ. ನಾಲ್ಕನೇ ಸಲ ಹಾಕಬೇಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಗೀಟು ಎಳೆದಿದ್ದಾರೆ. 24 ಗಂಟೆಯೊಳಗೆ ಒಂದೇ ಪುಟದಲ್ಲಿ ಬೇರೆಯವರ ಬದಲಾವಣೆಯನ್ನು ಮೂರಕ್ಕಿಂತ ಜಾಸ್ತಿ ಸಲ ಅಳಿಸಿ ನಿಮ್ಮದನ್ನೇ ಕೂರಿಸಿದರೆ ಖಾತೆ ಬ್ಲಾಕ್ ಆಗಬಹುದು. ನೀವು ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ಆಗ ಯಾರೂ ನೋಡುವುದಿಲ್ಲ. ನಿಮಗೆ ಬಂದಿರುವುದು ಎಚ್ಚರಿಕೆ ಮಾತ್ರ. ಇಲ್ಲಿಗೆ ನಿಲ್ಲಿಸಿದರೆ ಖಾತೆಗೆ ಏನೂ ಆಗುವುದಿಲ್ಲ.

ಈಗ ನಿಮ್ಮ ಬೇಸರದ ವಿಷಯಕ್ಕೆ ಬರೋಣ. ನಾನು ವಿಮಾನ ಮೇಂಟೆನೆನ್ಸ್‌ನಲ್ಲಿ ಸುಮಾರು ಮೂವತ್ತು ವರ್ಷ ಕಳೆದವನು. ಕೊನೆಯ ಕೆಲವು ವರ್ಷ ಗಲ್ಫ್‌ನ ಒಂದು ಹ್ಯಾಂಗರ್‌ನಲ್ಲಿ (ವಿಮಾನ ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಶೆಡ್) ಇದೇ ಎ380 ಮೇಲೆ ಕೆಲಸ ಮಾಡಿದ್ದೇನೆ. ಬಿಡುವಿದ್ದಾಗ ವಿಕಿಪೀಡಿಯದ ವಿಮಾನ ಲೇಖನಗಳನ್ನು ತಿದ್ದುತ್ತೇನೆ. ನಿಮ್ಮ ಮೂರು ತಿದ್ದುಪಡಿಗಳನ್ನೂ ನೋಡಿದೆ. ನೀವು ಕಂಡದ್ದರಲ್ಲಿ ಸುಳ್ಳಿಲ್ಲ. ಆದರೆ ಲೇಖನದಲ್ಲಿದ್ದ ಸಂಖ್ಯೆಯೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ.

853ರ ಕಥೆಯನ್ನೇ ತೆಗೆದುಕೊಳ್ಳಿ. ಆ ಸಂಖ್ಯೆ ಹುಟ್ಟಿದ್ದು 2006ರ ಮಾರ್ಚ್ 26ರಂದು, ಜರ್ಮನಿಯ ಹ್ಯಾಂಬರ್ಗ್‌ನ ಒಂದು ಕತ್ತಲೆ ಹ್ಯಾಂಗರ್‌ನಲ್ಲಿ. ಹೊಸ ವಿಮಾನಕ್ಕೆ ಪ್ರಮಾಣಪತ್ರ ಬೇಕಾದರೆ, ಅರ್ಧದಷ್ಟು ಬಾಗಿಲು ಮಾತ್ರ ಬಳಸಿ, ಒಳಗಿದ್ದ ಎಲ್ಲರೂ 90 ಸೆಕೆಂಡಿನೊಳಗೆ ಹೊರಗೆ ಬರುವುದನ್ನು ಮಾಡಿ ತೋರಿಸಬೇಕು. ಎ380ಯಲ್ಲಿ 16 ಬಾಗಿಲು. ಅವತ್ತು ಎಂಟು ಮುಚ್ಚಿದ್ದವು. ಯಾವ ಎಂಟು ಎಂದು ಒಳಗಿದ್ದವರಿಗೆ ಗೊತ್ತಿರಲಿಲ್ಲ. 853 ಪ್ರಯಾಣಿಕರು ಮತ್ತು 20 ಸಿಬ್ಬಂದಿ, ಒಟ್ಟು 873 ಜನ ಜಾರುಬಂಡಿಗಳಲ್ಲಿ ಇಳಿದು 78 ಸೆಕೆಂಡಿನಲ್ಲಿ ಹೊರಬಂದರು. ಒಬ್ಬರ ಕಾಲು ಮುರಿಯಿತು, ಕೆಲವರಿಗೆ ಸಣ್ಣಪುಟ್ಟ ತರಚು ಗಾಯಗಳಾದವು. ಅಲ್ಲಿಗೆ, ಈ ವಿಮಾನದಲ್ಲಿ ಹೆಚ್ಚೆಂದರೆ 853 ಪ್ರಯಾಣಿಕರು ಇರಬಹುದು ಎಂಬ ಮಿತಿ ದಾಖಲೆಗೆ ಬಂತು. ಅಂದರೆ ಆ ಸಂಖ್ಯೆಯನ್ನು ತೀರ್ಮಾನಿಸಿದ್ದು ಬಾಗಿಲುಗಳು. ಸೀಟಿನ ಲೆಕ್ಕಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಅಷ್ಟು ಸೀಟು ಹಾಕಿ ಯಾವ ಕಂಪನಿಯೂ ಇದನ್ನು ಹಾರಿಸಿಲ್ಲ. ರಿಯೂನಿಯನ್ ದ್ವೀಪದ ಏರ್ ಆಸ್ಟ್ರಲ್ ಕಂಪನಿ 840 ಸೀಟಿನ ಎರಡು ವಿಮಾನ ಬೇಕೆಂದು ಕೇಳಿತ್ತು, ಆಮೇಲೆ ಕೈಬಿಟ್ಟಿತು. ದುಬೈನ ಎಮಿರೇಟ್ಸ್ ಕಂಪನಿ 2015ರಲ್ಲಿ ತಂದ ಎರಡು ದರ್ಜೆಯ ವಿಮಾನದಲ್ಲಿ 615 ಸೀಟು. ಅದೇ ಕಂಪನಿಯ ಮೂರು ದರ್ಜೆಯ ವಿಮಾನಗಳಲ್ಲಿ ನೀವು ಹೇಳಿದ ಹಾಗೆ ಐನೂರರ ಆಚೀಚೆ. ಏರ್‌ಬಸ್ ತನ್ನ ಪ್ರಚಾರದ ಕಾಗದಗಳಲ್ಲಿ ಮೊದಲು 525 ಎನ್ನುತ್ತಿತ್ತು, ಆಮೇಲೆ 544 ಎಂದಿತು. ವಿಮಾನದ ಉದ್ದ ಅಗಲ ಬದಲಾಗಿರಲಿಲ್ಲ. ಸೀಟು ಜೋಡಿಸುವ ಲೆಕ್ಕ ಬದಲಾಗಿತ್ತು. ಹಾಗಾಗಿ 853 ಅಳಿಸಿ ನಿಮ್ಮ ಲೆಕ್ಕ ಹಾಕಿದಾಗ, ಮಿತಿ ಇರಬೇಕಾದ ಜಾಗದಲ್ಲಿ ಒಂದು ಕಂಪನಿಯ ಸೀಟು ಜೋಡಣೆ ಬಂದು ಕೂತಿತು. ಹದಿನಾಲ್ಕು ಹದಿನೈದು ಕಂಪನಿಗಳು ಹಾರಿಸಿದ ವಿಮಾನಕ್ಕೆ ಅದು ಹೊಂದುವುದಿಲ್ಲ.

ತೂಕದ ವಿಷಯವೂ ಹೀಗೇ. 575 ಟನ್ ಅಂದರೆ ನೆಲ ಬಿಡುವಾಗ ಇರಬಹುದಾದ ಅತಿ ಹೆಚ್ಚಿನ ತೂಕ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ. ಈ ವಿಮಾನ ಒಂದೇ ಸಲಕ್ಕೆ 14,800 ಕಿ.ಮೀ. ಹೋಗಬಲ್ಲದು. ನಾಲ್ಕು ಗಂಟೆಯ ದಾರಿಗೆ ಯಾರೂ ಟ್ಯಾಂಕ್ ತುಂಬಿಸುವುದಿಲ್ಲ. ಹಾಗಾಗಿ ನೀವು ಕಾಗದದಲ್ಲಿ ನೋಡಿದ ತೂಕ ಕಡಿಮೆ ಇರಲೇಬೇಕು. ಇನ್ನೊಂದು ಸೂಕ್ಷ್ಮ ಇದೆ. ಎ380ಯನ್ನು ಮೊದಲು 560 ಟನ್ನಿಗೆ, ಆಮೇಲೆ 569 ಟನ್ನಿಗೆ, ಕೊನೆಗೆ 575 ಟನ್ನಿಗೆ ಒಪ್ಪಿದರು. ಇದಕ್ಕಿಂತ ಕಡಿಮೆ ತೂಕದ ಆಯ್ಕೆಗಳೂ ಇವೆ. ಅನೇಕ ನಿಲ್ದಾಣಗಳಲ್ಲಿ ಲ್ಯಾಂಡಿಂಗ್ ಶುಲ್ಕ ಹಾಕುವುದು ಕಾಗದದಲ್ಲಿ ನೋಂದಾಯಿಸಿದ ಈ ಗರಿಷ್ಠ ತೂಕದ ಮೇಲೆ. ಹಾಗಾಗಿ ಹತ್ತಿರದ ದಾರಿಗೆ ವಿಮಾನ ಓಡಿಸುವ ಕಂಪನಿ ಬೇಕೆಂದೇ ಕಡಿಮೆ ತೂಕಕ್ಕೆ ನೋಂದಾಯಿಸಬಹುದು. ಒಂದೇ ಮಾದರಿ, ಒಂದೇ ರೆಕ್ಕೆ, ಆದರೆ ಕಾಗದದಲ್ಲಿ ಬೇರೆ ಬೇರೆ ಸಂಖ್ಯೆ. ಇದು ಸಾಲದು ಅಂತ ಅಮೆರಿಕದ ಪತ್ರಿಕೆಗಳಲ್ಲಿ ಇದೇ 575 ಟನ್ 634 ಟನ್ ಆಗಿರುತ್ತದೆ. ಅವರ ಟನ್ 907 ಕೆ.ಜಿ. ಅಷ್ಟೆ. ಈ ಒಂದು ಗೊಂದಲಕ್ಕೇ ಎಷ್ಟು ಜನ ಜಗಳ ಆಡಿದ್ದನ್ನು ನೋಡಿದ್ದೇನೆ!

ಲೋಡ್ ಶೀಟ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅದು ಕಂಪನಿಯ ಒಳಗಿನ ಕಾಗದ. ಅದರಲ್ಲಿನ ಸಂಖ್ಯೆಯನ್ನು ಎಲ್ಲಿಯೂ ಹಾಕಬೇಡಿ, ಫೋಟೋ ತೆಗೆದು ಹಾಕುವುದಂತೂ ಬೇಡವೇ ಬೇಡ. ವಿಕಿಪೀಡಿಯದಲ್ಲಿ ಅದು ನಿಲ್ಲುವುದಿಲ್ಲ, ಆದರೆ ನಿಮ್ಮ ಕೆಲಸಕ್ಕೆ ಕುತ್ತು ಬರಬಹುದು. ಏಪ್ರನ್ (ವಿಮಾನಗಳು ನಿಲ್ಲುವ ಅಂಗಳ) ಮೇಲೆ ನಿಂತು ತೆಗೆದ ಫೋಟೋಗಳಿಗೂ ಇದೇ ಮಾತು. ಲಿಖಿತ ಅನುಮತಿ ಇಲ್ಲದೆ ಬೇಡ. ಹೊರಗಿನ ರಸ್ತೆಯಿಂದಲೋ ಟರ್ಮಿನಲ್ ಗಾಜಿನಿಂದಲೋ ತೆಗೆದ ಚಿತ್ರ ಎಷ್ಟೋ ಸಲ ಅದಕ್ಕಿಂತ ಚೆನ್ನಾಗಿ ಬರುತ್ತದೆ.

ಮೂರನೆಯದು ‘ಅತಿ ದೊಡ್ಡ ವಿಮಾನ’. ಇದನ್ನು ನಾನಿದ್ದರೂ ತೆಗೆಯುತ್ತಿದ್ದೆ. ಪ್ರಯಾಣಿಕರ ವಿಮಾನಗಳಲ್ಲಿ ಅತಿ ದೊಡ್ಡದು ಅನ್ನಿ, ಸರಿ. ಆದರೆ ಉಕ್ರೇನಿನ ಆಂಟೊನೊವ್ 225 ಸರಕು ವಿಮಾನದ ರೆಕ್ಕೆ ತುದಿಯಿಂದ ತುದಿಗೆ 88 ಮೀಟರ್ ದಾಟಿತ್ತು, ತೂಕ 640 ಟನ್ ವರೆಗೆ ಹೋಗುತ್ತಿತ್ತು. 2022ರ ಯುದ್ಧದಲ್ಲಿ ಅದು ನಾಶವಾಯಿತು. ಉದ್ದ ನೋಡಿದರೆ ಬೋಯಿಂಗ್ 747-8 ವಿಮಾನ 76 ಮೀಟರಿಗಿಂತ ಸ್ವಲ್ಪ ಜಾಸ್ತಿ, ಎ380 ಸುಮಾರು 72.7 ಮೀಟರ್. ‘ದೊಡ್ಡದು’ ಎಂಬ ಮಾತು ಬಂದ ಕೂಡಲೇ ಯಾವುದರಲ್ಲಿ ಎಂದು ಕೇಳಿಕೊಳ್ಳಬೇಕು.

ಈಗ ನಿಮ್ಮ ಮುಖ್ಯ ನೋವು. ಕಣ್ಣಾರೆ ಕಂಡವನ ಮಾತಿಗೆ ಬೆಲೆ ಇಲ್ವಾ? ಬೆಲೆ ಇದೆ. ಆದರೆ ಬೇರೆ ಕಡೆ ಇದೆ. ಓದುವವರಿಗೆ ನೀವು ಯಾರು ಎಂದು ಗೊತ್ತಿಲ್ಲ. ನಿಮ್ಮ ಹೆಸರಿನ ಜಾಗದಲ್ಲಿ ನಾಳೆ ಇನ್ಯಾರೋ ಬಂದು “ನಾನೂ ಅಲ್ಲೇ ಕೆಲಸ ಮಾಡುತ್ತೇನೆ, ಸೀಟು 700” ಎಂದರೆ ಯಾರನ್ನು ನಂಬಬೇಕು? ಹಾಗಾಗಿ ಅಲ್ಲಿ ಒಂದೇ ನಿಯಮ. ಓದುವವರು ತಾವೇ ಹೋಗಿ ನೋಡಬಹುದಾದ, ಪ್ರಕಟವಾದ ನಂಬಿಕಸ್ತ ಮೂಲ ಬೇಕು.

ನನಗೂ ಒಮ್ಮೆ ಹೀಗೇ ಆಗಿತ್ತು. ಎ380 ರೆಕ್ಕೆಯೊಳಗೆ ರಿಬ್ ಫೀಟ್ ಎಂಬ ಚಿಕ್ಕ ಬ್ರಾಕೆಟ್‌ಗಳಿವೆ. ರೆಕ್ಕೆಯ ಹೊದಿಕೆಯನ್ನು ಒಳಗಿನ ಪಕ್ಕೆಗೆ ಹಿಡಿದಿಡುವುದು ಅವೇ. ಅವುಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಬಂದಿದ್ದವು. ಅದರ ತಪಾಸಣೆ, ರಿಪೇರಿ ಎಲ್ಲ ಹತ್ತಿರದಿಂದ ಬಲ್ಲವನು ನಾನು. ಆ ಧೈರ್ಯದಲ್ಲಿ ಒಂದು ಪ್ಯಾರಾ ಬರೆದೆ. ಮಾರನೇ ದಿನ ಇರಲಿಲ್ಲ. ಸಿಟ್ಟು ಬಂತು, ನಿಜ. ಎರಡು ದಿನ ಬಿಟ್ಟು ಕೂತು ಹುಡುಕಿದೆ. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಈಸಾ 2012ರ ಜನವರಿಯಲ್ಲಿ ಹೆಚ್ಚು ಹಾರಿದ ವಿಮಾನಗಳ ತಪಾಸಣೆಗೆ ಆದೇಶ ಹೊರಡಿಸಿತ್ತು. ಮುಂದಿನ ತಿಂಗಳು ಅದನ್ನು ಎಲ್ಲ ಎ380ಗಳಿಗೂ ವಿಸ್ತರಿಸಿತ್ತು. ಅದೇ ಪ್ಯಾರಾವನ್ನು ಮೂರು ಸಾಲಿಗೆ ಇಳಿಸಿ, ಆದೇಶದ ಕೊಂಡಿ ಕೊಟ್ಟು ಹಾಕಿದೆ. ಆಮೇಲೆ ಯಾರೂ ಮುಟ್ಟಲಿಲ್ಲ. ಎಲ್ಲಿ ಹುಡುಕಬೇಕು, ಯಾವ ಪದ ಹಾಕಿ ಹುಡುಕಬೇಕು, ಸಿಕ್ಕ ಕಾಗದವನ್ನು ಹೇಗೆ ಓದಬೇಕು ಎಂದು ನನಗೆ ಗೊತ್ತಿತ್ತು. ಅಷ್ಟನ್ನು ಕೊಟ್ಟಿದ್ದು ಹ್ಯಾಂಗರ್‌ನ ಅನುಭವ. ನಿಮ್ಮ ಅನುಭವಕ್ಕೂ ಅಲ್ಲೇ ಬೆಲೆ.

ವಿದೇಶಿಯರ ಕೂಟ ಎಂಬ ಮಾತು ಒಪ್ಪುವುದಿಲ್ಲ. ವಿಮಾನಗಳ ಲೇಖನಗಳನ್ನು ಜಗತ್ತಿನ ಬೇರೆ ಬೇರೆ ಕಡೆಯ ಜನ ತಮ್ಮ ವೀಕ್ಷಣಾ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತಾರೆ. ಒಂದು ಅಂಕಿ ಬದಲಾದರೂ ಅವರಿಗೆ ಕಾಣುತ್ತದೆ. ಮೂಲ ಇಲ್ಲದೆ ಸಂಖ್ಯೆ ಮಾತ್ರ ಬದಲಾಗಿದ್ದರೆ ಕಿಡಿಗೇಡಿತನ ಅಂತಲೇ ಮೊದಲು ಅನುಮಾನ. ಏಕೆಂದರೆ ಕಿಡಿಗೇಡಿಗಳು ಮಾಡುವುದೂ ಅದನ್ನೇ, ಸುಮ್ನೆ ಒಂದು ಅಂಕಿ ತಿರುಚಿ ಹೋಗುತ್ತಾರೆ. ಏನು ಬದಲಿಸಿದಿರಿ, ಯಾಕೆ ಎಂದು ಬರೆಯುವ ಸಾರಾಂಶದ ಜಾಗವನ್ನು ನೀವು ಖಾಲಿ ಬಿಟ್ಟಿದ್ದಿರಿ. ನೋಡಿದವರಿಗೆ ನಿಮಗೂ ಅವರಿಗೂ ವ್ಯತ್ಯಾಸ ತಿಳಿಯುವ ದಾರಿಯೇ ಇರಲಿಲ್ಲ. ಹಾಗಂತ ತೆಗೆದವರೆಲ್ಲ ಸೌಜನ್ಯದವರು ಎಂದೂ ಹೇಳಲಾರೆ. ಹೊಸಬರಿಗೆ ಎರಡು ಸಾಲು ವಿವರಿಸುವ ತಾಳ್ಮೆ ಕೆಲವರಿಗೆ ಇರುವುದಿಲ್ಲ. ಅದು ತಪ್ಪು.

ಯಾವ ಮೂಲ ನಂಬಬೇಕು? ಮಿತಿಗಳ ವಿಷಯಕ್ಕೆ ಈಸಾದ ಟೈಪ್ ಸರ್ಟಿಫಿಕೇಟ್ ಡೇಟಾ ಶೀಟ್, ಅಂದರೆ ವಿಮಾನದ ಮಾದರಿಗೆ ಕೊಟ್ಟ ಪ್ರಮಾಣಪತ್ರದ ವಿವರ ಪಟ್ಟಿ. ಅದು ಎಲ್ಲರಿಗೂ ಸಿಗುತ್ತದೆ, ತೂಕದ ಆಯ್ಕೆಗಳೂ ಅದರಲ್ಲೇ ಇವೆ. ಅಳತೆಗಳಿಗೆ, ವಿಮಾನ ನಿಲ್ದಾಣಗಳಿಗಾಗಿ ಏರ್‌ಬಸ್ ಪ್ರಕಟಿಸುವ ಪುಸ್ತಕ. ನಿಮ್ಮ ಕೆಲಸಕ್ಕೆ ಹತ್ತಿರದ ಪುಸ್ತಕ ಅದು, ಒಮ್ಮೆ ತೆರೆದು ನೋಡಿ, ಖುಷಿಯಾಗುತ್ತದೆ. ಯಾವ ಬಾಗಿಲಿಗೆ ಯಾವ ಗಾಡಿ, ರೆಕ್ಕೆಯ ತುದಿ ಎಷ್ಟು ಎತ್ತರ, 22 ಚಕ್ರಗಳು ಎಲ್ಲೆಲ್ಲಿ ಎಂದು ಎಲ್ಲ ಚಿತ್ರ ಸಮೇತ ಇದೆ. ಪತ್ರಿಕೆಗಳು ವ್ಯಾಪಾರದ ಸುದ್ದಿಗೆ ಸಾಕು. 2019ರ ಫೆಬ್ರವರಿಯಲ್ಲಿ ತಯಾರಿಕೆ ನಿಲ್ಲಿಸುವ ಘೋಷಣೆ, 2021ರ ಡಿಸೆಂಬರ್‌ನಲ್ಲಿ ಎಮಿರೇಟ್ಸ್‌ಗೆ ಕೊನೆಯ ವಿಮಾನ, ಇಂಥವು. ತಾಂತ್ರಿಕ ಅಂಕಿಗೆ ಮಾತ್ರ ಪತ್ರಿಕೆ ನೆಚ್ಚಬೇಡಿ. ಎಷ್ಟೋ ಸಲ ವರದಿಗಾರರು ಅಂಕಿ ತೆಗೆದುಕೊಂಡಿದ್ದೇ ವಿಕಿಪೀಡಿಯದಿಂದ ಆಗಿರುತ್ತದೆ. ಆಮೇಲೆ ಆ ವರದಿಯನ್ನೇ ವಿಕಿಪೀಡಿಯಕ್ಕೆ ಮೂಲ ಎಂದು ಕೊಟ್ಟರೆ ತಪ್ಪೊಂದು ತನಗೆ ತಾನೇ ಸಾಕ್ಷಿ ಆಗಿಬಿಡುತ್ತದೆ.

ಅವಘಡಗಳ ಬಗ್ಗೆ ಬರೆಯುವಾಗ ಇನ್ನೂ ಜಾಗ್ರತೆ ಬೇಕು. 2010ರ ನವೆಂಬರ್ 4ರಂದು ಸಿಂಗಪುರದಿಂದ ಸಿಡ್ನಿಗೆ ಹೊರಟ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಎ380 ವಿಮಾನದ (ಕ್ವಾಂಟಾಸ್ 32) ಒಂದು ಎಂಜಿನ್ ಸಿಡಿಯಿತು. ಇಂಡೋನೇಷ್ಯಾದ ಬಾಟಮ್ ದ್ವೀಪದಲ್ಲಿ ಚೂರುಗಳು ಬಿದ್ದಿದ್ದನ್ನು ಕಂಡು ವಿಮಾನವೇ ಬಿತ್ತು ಎಂಬ ಸುದ್ದಿ ಮೊದಲು ಹರಡಿತು. ನಿಜಕ್ಕೂ ವಿಮಾನ ಸಿಂಗಪುರಕ್ಕೇ ವಾಪಸ್ ಬಂದು ಇಳಿಯಿತು. ಒಳಗಿದ್ದ 469 ಜನರಲ್ಲಿ ಒಬ್ಬರಿಗೂ ಗಾಯ ಆಗಲಿಲ್ಲ. ಕಾರಣ ಪೂರ್ತಿ ದಾಖಲಾಗಿದ್ದು 2013ರ ಆಸ್ಟ್ರೇಲಿಯಾದ ತನಿಖಾ ವರದಿಯಲ್ಲಿ. ಎಂಜಿನ್ ಒಳಗಿನ ಒಂದು ಸಣ್ಣ ಎಣ್ಣೆ ಪೈಪ್ ತಯಾರಿಕೆಯಲ್ಲೇ ಒಂದು ಬದಿ ತೆಳ್ಳಗಾಗಿತ್ತು. ಅದು ಬಿರುಕು ಬಿಟ್ಟು ಎಣ್ಣೆ ಸೋರಿ ಬೆಂಕಿ ಹೊತ್ತಿತು, ಟರ್ಬೈನ್ ಡಿಸ್ಕ್ ಒಡೆಯಿತು. ಮೊದಲ ದಿನದ ಸುದ್ದಿ ನೋಡಿ ಬರೆದವರ ಸಾಲು ಎಷ್ಟು ತಪ್ಪಾಗಿರುತ್ತಿತ್ತು ಅಲ್ವಾ? ಅವಘಡದ ವಿಷಯದಲ್ಲಿ ಅಂತಿಮ ವರದಿ ಬರುವ ತನಕ ಕಾರಣ ಬರೆಯಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಇಂಗ್ಲಿಷ್ ಲೇಖನದ ಚರ್ಚೆ ಪುಟದಲ್ಲಿ ಬರೆಯುವುದು ಮೊದಲನೆಯದು. “853 ಎಂಬುದು ಪ್ರಮಾಣಪತ್ರದ ಮಿತಿ ಎಂದು ಓದುವವರಿಗೆ ತಿಳಿಯುತ್ತಿಲ್ಲ, ಪಕ್ಕದಲ್ಲೇ ಕಂಪನಿಗಳು ನಿಜಕ್ಕೂ ಹಾಕುವ ಸೀಟಿನ ಲೆಕ್ಕ ಇದ್ದರೆ ಒಳ್ಳೆಯದು” ಎಂದು ಮೂಲದ ಜೊತೆ ಕೇಳಿ. ನಿಮಗೆ ಗೊಂದಲ ಆಗಿದ್ದೇ ಅದಕ್ಕೆ ಒಳ್ಳೆಯ ಕಾರಣ. ವಾರಗಟ್ಟಲೆ ಯಾರೂ ಉತ್ತರಿಸದೆ ಇರಬಹುದು, ಅದೊಂದೇ ತೊಂದರೆ. ವಾರ ಕಾದು, ಯಾರೂ ಬೇಡ ಎನ್ನದಿದ್ದರೆ ನೀವೇ ಹಾಕಿ. ಎಮಿರೇಟ್ಸ್ ಎ380 ಬೆಂಗಳೂರಿಗೆ ದಿನವೂ ಬರಲು ಶುರುವಾಗಿದ್ದು 2022ರ ಅಕ್ಟೋಬರ್ 30ರಿಂದ. ಈ ವಿಷಯ ವಿಮಾನದ ಲೇಖನಕ್ಕೆ ಬೇಡ, ಬೆಂಗಳೂರು ವಿಮಾನ ನಿಲ್ದಾಣದ ಲೇಖನಕ್ಕೆ ಸರಿಹೋಗುತ್ತದೆ. ಆದರೆ ನೀವು ಆ ವಿಮಾನಕ್ಕೆ ಸೇವೆ ಕೊಡುವ ಕಂಪನಿಯ ನೌಕರರು. ಅದನ್ನು ನಿಮ್ಮ ಸದಸ್ಯ ಪುಟದಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡಿ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ನೀವು ಬರೆದಿದ್ದೆಲ್ಲದರ ಮೇಲೆ ಅನುಮಾನ ಬರುತ್ತದೆ.

ಕಂಪನಿಯ ವೆಬ್‌ಸೈಟನ್ನು ಅನುವಾದಿಸಿ ಹಾಕುವ ಯೋಚನೆ ಬಿಡಿ. ಅದರ ಹಕ್ಕು ಕಂಪನಿಯದ್ದು. ಭಾಷೆ ಬದಲಿಸಿದರೂ ನಕಲು ನಕಲೇ, ಪುಟವನ್ನೇ ಅಳಿಸಬಹುದು. ಇಂಗ್ಲಿಷ್ ವಿಕಿಪೀಡಿಯದ ಪಠ್ಯವನ್ನು ಅನುವಾದಿಸಬಹುದು, ಅದರ ಪರವಾನಗಿ ಒಪ್ಪುತ್ತದೆ. ಎಲ್ಲಿಂದ ತಂದಿರಿ ಎಂದು ಸಾರಾಂಶದಲ್ಲಿ ಹೇಳಿದರಾಯಿತು. ಆದರೆ ಯಂತ್ರದ ಅನುವಾದವನ್ನು ಹಾಗೇ ಒತ್ತಿಬಿಟ್ಟರೆ ಅನಾಹುತ. ಸ್ಟಾಲ್ ಆಯಿತು ಎಂಬುದಕ್ಕೆ ‘ಎಂಜಿನ್ ನಿಂತಿತು’ ಎಂದು ಬಂದಿದ್ದನ್ನು ನಾನೇ ತಿದ್ದಿದ್ದೇನೆ. ಸ್ಟಾಲ್ ಆಗುವುದು ರೆಕ್ಕೆಗೆ. ಗಾಳಿ ರೆಕ್ಕೆಯ ಮೇಲಿಂದ ಬೇರ್ಪಟ್ಟು ಎತ್ತುವ ಬಲ ಹೋಗುತ್ತದೆ, ಎಂಜಿನ್ ಚೆನ್ನಾಗಿ ಓಡುತ್ತಲೇ ಇರಬಹುದು. ‘ಅಗಲ ದೇಹದ ವಿಮಾನ’ ಎಂದು ಬರೆದರೆ ಯಾರಿಗೆ ಅರ್ಥವಾಗುತ್ತದೆ? ವೈಡ್ ಬಾಡಿ ಎಂದೇ ಬರೆದು, ಸೀಟುಗಳ ನಡುವೆ ಓಡಾಡಲು ಎರಡು ದಾರಿ ಇರುವ ವಿಮಾನ ಎಂದು ಒಮ್ಮೆ ಹೇಳಿ. ‘ವ್ಯಾಪ್ತಿ’ ಬದಲು ‘ಒಂದೇ ಸಲಕ್ಕೆ ಹಾರಬಲ್ಲ ದೂರ’ ಅನ್ನಿ. ರೆಕ್ಕೆ, ಬಾಲ, ಮೂಗು, ಚಕ್ರ ಇವು ನಾವು ದಿನಾ ಆಡುವ ಮಾತೇ.

ನನ್ನನ್ನು ಕೇಳಿದರೆ ನಿಮ್ಮ ಶ್ರಮ ಕನ್ನಡದ ಲೇಖನಕ್ಕೇ ಹೋಗಲಿ. ಇಂಗ್ಲಿಷ್ ಲೇಖನ ಕಾಯಲು ನೂರಾರು ಜನ ಇದ್ದಾರೆ. ಕನ್ನಡದಲ್ಲಿ ಕೆಲವೇ ಜನ. ಇಲ್ಲಿ ತಪ್ಪು ಬಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ನಿಮ್ಮ ತಪ್ಪನ್ನೂ ಯಾರೂ ಹಿಡಿಯುವುದಿಲ್ಲ, ಅದೇ ಇಲ್ಲಿನ ಅಪಾಯ. ಅದಕ್ಕೇ ಬೇಗ ಹಳಸುವ ಮಾತು ಹಾಕಬೇಡಿ. ‘ಈಗ ಇಷ್ಟು ವಿಮಾನ ಹಾರುತ್ತಿವೆ’ ಎಂದು ಬರೆದರೆ ಮುಂದಿನ ವರ್ಷಕ್ಕೆ ಅದು ಸುಳ್ಳು. ‘ಒಟ್ಟು 251 ವಿಮಾನಗಳನ್ನು ಕಂಪನಿಗಳಿಗೆ ಕೊಡಲಾಯಿತು’ ಎಂಬುದು ಎಂದಿಗೂ ನಿಲ್ಲುತ್ತದೆ. 254 ಎಂದು ಎಲ್ಲಾದರೂ ಕಂಡರೆ ಗಾಬರಿ ಬೇಡ, ಪರೀಕ್ಷೆಗೆಂದು ಕಟ್ಟಿ ಮಾರದೇ ಉಳಿದವು ಸೇರಿರುತ್ತವೆ.

ಮತ್ತೆ, ಅಂಕಿಗಳ ಪಟ್ಟಿಗಿಂತ ಕಥೆ ಬರೆಯಿರಿ. ವಿಮಾನದೊಳಗೆ ಸುಮಾರು 530 ಕಿ.ಮೀ. ತಂತಿ ಇದೆ. ಜರ್ಮನಿಯವರು ವಿನ್ಯಾಸದ ಸಾಫ್ಟ್‌ವೇರ್‌ನ ಹಳೆಯ ಆವೃತ್ತಿ ಬಳಸಿದರು, ಫ್ರಾನ್ಸಿನವರು ಹೊಸದು. ಹ್ಯಾಂಬರ್ಗ್‌ನಿಂದ ಬಂದ ತಂತಿಕಟ್ಟುಗಳು ಫ್ರಾನ್ಸಿನ ಟುಲೂಸ್‌ನಲ್ಲಿ ಜೋಡಿಸುವಾಗ ಉದ್ದ ಸಾಲಲಿಲ್ಲ, ಕೆಲಸ ತಡವಾಯಿತು. 2005ರ ಏಪ್ರಿಲ್ 27ರಂದು ಮೊದಲು ಹಾರಿದ ವಿಮಾನ ಪ್ರಯಾಣಿಕರನ್ನು ಹೊತ್ತು ಸಿಂಗಪುರದಿಂದ ಸಿಡ್ನಿಗೆ ಹೋಗಲು 2007ರ ಅಕ್ಟೋಬರ್ 25ರ ತನಕ ಕಾಯಬೇಕಾಯಿತು. ರೆಕ್ಕೆ 79.8 ಮೀಟರಿಗೆ ನಿಂತಿದ್ದು ಯಾಕೆ? ನಿಲ್ದಾಣಗಳಲ್ಲಿ ವಿಮಾನ ನಿಲ್ಲುವ ಜಾಗಕ್ಕೆ 80 ಮೀಟರ್ ಮಿತಿ ಇತ್ತು, ಅದಕ್ಕೆ. ಆ ಜಾಗದಲ್ಲಿ ದಿನಾ ಕೋನ್ ಇಡುವವರು ನೀವು. ಇದನ್ನು ನಿಮಗಿಂತ ಚೆನ್ನಾಗಿ ಕನ್ನಡದಲ್ಲಿ ಹೇಳುವವರು ನನಗೆ ತೋರುತ್ತಿಲ್ಲ.

ಮೊದಲು ‘ನನ್ನ ಪ್ರಯೋಗಪುಟ’ದಲ್ಲಿ ಬರೆಯಿರಿ, ಅಲ್ಲಿ ಯಾರೂ ಅಳಿಸುವುದಿಲ್ಲ. ಶುರುವಿಗೆ ಸೀಟಿನ ಸಾಲನ್ನೇ ತೆಗೆದುಕೊಳ್ಳಿ. ಹೀಗೆ ಬರೆಯಬಹುದು: “ಎ380ಯಲ್ಲಿ ಗರಿಷ್ಠ 853 ಪ್ರಯಾಣಿಕರನ್ನು ಕೂರಿಸಲು ಅನುಮತಿ ಇದೆ. 2006ರ ತೆರವು ಪರೀಕ್ಷೆಯಿಂದ ಈ ಮಿತಿ ಬಂತು. ಕಂಪನಿಗಳು ಇದಕ್ಕಿಂತ ಕಡಿಮೆ ಸೀಟು ಹಾಕಿವೆ. ಎಮಿರೇಟ್ಸ್‌ನ ಎರಡು ದರ್ಜೆಯ ವಿಮಾನದಲ್ಲಿ 615 ಸೀಟುಗಳಿವೆ.” ನಾಲ್ಕು ವಾಕ್ಯ, ಪ್ರತಿಯೊಂದಕ್ಕೂ ಒಂದು ಮೂಲ. ಅದಾದ ಮೇಲೆ ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಚರ್ಚಿಸುವ ಅರಳಿ ಕಟ್ಟೆ ಪುಟದಲ್ಲಿ, ಒಮ್ಮೆ ನೋಡಿಕೊಡಿ ಎಂದು ಕೇಳಿ. ನಾನೂ ಅಲ್ಲಿಗೆ ಬರುತ್ತಿರುತ್ತೇನೆ, ಓದಿ ಹೇಳುತ್ತೇನೆ.